ಶಾಲಿನ ತುದಿಯ ಕಡಲೆ

ಕರಿಬಸವ ಮಾಡಿದ್ದು ತಪ್ಪು. ಹಸಿದು ಕೂತಿದ್ದ ಒಬ್ಬ ಹೆಂಗಸನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ. ಅವಳು ಮಾಡಿದ ಅಪರಾಧವನ್ನು ಅವನು ದಿನವೂ ಮಾಡುತ್ತಿದ್ದ, ಕದ್ದು.

ಹೊಳೆ ದಂಡೆಯ ಆ ಆಶ್ರಮದಲ್ಲಿ ಹಾಲು, ಮೊಸರು, ತುಪ್ಪ ಇರಲಿಲ್ಲ. ಕರುವಿನ ಪಾಲು ಕರುವಿಗೇ ಎಂದು ಗುರು ಮುಪ್ಪಯ್ಯನವರು ಎಂದೋ ಬಿಡಿಸಿದ್ದರು. ರೊಟ್ಟಿ, ಕಾಳುಪಲ್ಯ, ಅನ್ನ, ಸಾರು. ಬಡಿಸಿದ್ದನ್ನು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಇದನ್ನೆಲ್ಲ ಕಣ್ಣಿಟ್ಟು ನೋಡುವ ಕೆಲಸ ಹಿರಿಯ ಶಿಷ್ಯ ಕರಿಬಸವನದು.

ಕರಿಬಸವನಿಗೆ ಕಡಲೆ ಆಗುತ್ತಿರಲಿಲ್ಲ. ಈರುಳ್ಳಿಯೂ ಅಷ್ಟೇ. ತಿಂದರೆ ಹೊಟ್ಟೆ ಡೊಳ್ಳಿನಂತೆ ಬಿಗಿಯುತ್ತಿತ್ತು. ಸಂಜೆಯ ಭಜನೆ ಅರ್ಧಕ್ಕೆ ಬರುವಷ್ಟರಲ್ಲಿ ಕರುಳು ಹಿಂಡಿ, ಎದ್ದು ಓಡಬೇಕಾಗುತ್ತಿತ್ತು. ಒಮ್ಮೊಮ್ಮೆ ಇದರ ತದ್ವಿರುದ್ಧ. ಎಷ್ಟು ಹೊತ್ತು ಕೂತರೂ ಏನೂ ಆಗದು.

"ಏಕಾಂತ ಧ್ಯಾನ" ಎಂದು ಹೇಳಿ ಎದ್ದು ಹೋಗುತ್ತಿದ್ದ. ಜನ ನಂಬಿದರು. ಕೆಲವರು ಕೈ ಮುಗಿದರು.

ಅದಕ್ಕೇ ಅವನು ಬಾಗಿ ಉಣ್ಣುವಾಗ ಕಾಳನ್ನು ಶಾಲಿನ ತುದಿಗೆ ಸರಿಸಿ ಗಂಟು ಹಾಕುತ್ತಿದ್ದ. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ತಟ್ಟೆ ತೊಳೆದು ಕುಡಿಯುತ್ತಿದ್ದ.

ಒಂದು ದಿನ ಚಾಪೆ ಹೆಣೆಯುವ ತಿಪ್ಪವ್ವನ ತಟ್ಟೆಯಲ್ಲಿ ಕಡಲೆ ಹಾಗೇ ಉಳಿದಿತ್ತು.

"ಯಾಕವ್ವಾ ಬಿಟ್ಟಿ?" ಎಂದ ಕರಿಬಸವ.

"ನನಗ ಕಡ್ಲಿ ಆಗಂಗಿಲ್ರಿ. ತಿಂದ್ರ ಹೊಟ್ಟಿ ಉಬ್ಬತೈತಿ. ಆಮ್ಯಾಲ ನೀರಿನ ಚರಿಗಿ ಹಿಡಕೊಂಡು ಬಯಲಿಗೆ ಓಡೂದ ಒಂದು ಕೆಲಸ."

ಪಂಕ್ತಿ ಗೊಳ್ಳೆಂದಿತು. "ತಿಪ್ಪವ್ವಾ, ಚರಿಗಿ ಜೋಡೀಲೆ ತಂದೀಯೇನ?" ಎಂದು ಯಾರೋ ಕೂಗಿದರು. ಅವಳೂ ನಕ್ಕಳು.

ಕರಿಬಸವನ ಕಿವಿ ಬಿಸಿಯಾಯಿತು. ತನ್ನ ಗುಟ್ಟನ್ನೇ ಅವಳು ಎಲ್ಲರ ನಡುವೆ ಎತ್ತಿ ಆಡಿದಂತಾಯಿತು.

"ಏಳು! ನಾಲಿಗಿ ಚಪಲಕ್ಕ ಹೊಟ್ಟಿ ನೆಪ ಹೇಳಬ್ಯಾಡ. ಪ್ರಸಾದ ಬಿಡೋರು ಇಲ್ಲಿ ಕೂಡಬಾರದು."

ತಿಪ್ಪವ್ವನ ನಗು ನಿಂತಿತು. ಮುರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ಬಂದು, ಆ ತುಂಡನ್ನೂ ತಟ್ಟೆಯಲ್ಲಿಟ್ಟು ಹೋದಳು.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಕರಿಬಸವನಿಗೆ ಊಟ ಸೇರದಾಯಿತು. ಆ ರೊಟ್ಟಿಯ ತುಂಡು ಕಣ್ಣ ಮುಂದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಕೂಡಲೇ ಗುರುಗಳು ಕರೆದರು. "ಬಾ ತಮ್ಮಾ, ಹೊಳಿಗೆ ಹೋಗೂಣು."

ಗುರುಗಳು ಮೇಲಿನ ಮೆಟ್ಟಿಲ ಮೇಲೆ ಕೂತರು. "ನೀ ಕೆಳಗಿಳಿ."

ಕರಿಬಸವ ಇಳಿದ. ಅವನ ನೆರಳು ನೀರಿಗೆ ಬಿದ್ದದ್ದೇ ತಡ, ಮೀನುಗಳು ಒಂದರ ಮೇಲೊಂದು ಬಿದ್ದು ಮುತ್ತಿದವು.

"ನಾ ಇಳಿದ್ರ ಒಂದೂ ಬರಂಗಿಲ್ಲ," ಎಂದರು ಗುರುಗಳು. "ನಿನ್ನ ಕಂಡ್ರ ಇಷ್ಟು ಪ್ರೀತಿ. ದಿನಾ ಏನು ಉಪದೇಶ ಮಾಡ್ತಿ ಅವಕ್ಕ?"

ಕರಿಬಸವನ ಕೈ ತಾನಾಗಿಯೇ ಶಾಲಿನ ತುದಿಯನ್ನು ಮುಚ್ಚಿತು.

"ಇವತ್ತಿಂದು ಇನ್ನೂ ಗಂಟಿನಾಗ ಐತೇನು?"

"ಐತ್ರಿ, ಅಜ್ಜಾರ."

"ಯಾಕ ಹೇಳಲಿಲ್ಲ?"

"ನಾಚಿಕಿ ಬಂತ್ರಿ. ದೇಹದ ಹಂಗು ಬಿಡಾಕ ಬಂದಾಂವ ಸಂಡಾಸದ ಮಾತು ಹ್ಯಾಂಗ ಆಡ್ಲಿ?"

"ವೈದ್ಯರಿಗರೆ ತೋರಿಸೀಯೇನು?"

ಕರಿಬಸವ ಇಲ್ಲವೆಂದು ತಲೆಯಾಡಿಸಿದ.

"ಅವರ ಮುಂದೂ ಧ್ಯಾನ ಅನ್ನಾಂವ ಇದ್ದೀಯೇನು?"

ಕರಿಬಸವ ತಲೆ ಎತ್ತಲಿಲ್ಲ. ನೀರು ನೋಡುತ್ತಲೇ ಕೇಳಿದ. "ಹಾಲು ಮೊಸರು ಬಿಟ್ಟಿದ್ದಕ್ಕ ಹಿಂಗಾತೇನ್ರಿ? ಈ ಊಟ ನನಗ ಒಗ್ಗಂಗಿಲ್ಲೇನು?"

"ಅನ್ನ ಒಗ್ಗತೈತಿ?"

"ಒಗ್ಗತೈತ್ರಿ."

"ಹೆಸರುಬ್ಯಾಳಿ ತಿಳಿ?"

"ಸ್ವಲ್ಪ ಆದ್ರ ತ್ರಾಸಿಲ್ರಿ."

"ಹೀರಿಕಾಯಿ? ಗಜ್ಜರಿ? ಜ್ವಾಳದ ರೊಟ್ಟಿ?"

"ಏನೂ ಆಗಂಗಿಲ್ರಿ."

"ಒಂದೆರಡು ಆಗಂಗಿಲ್ಲ ಅಂತ ಇಡೀ ಹೊಲಕ್ಕ ಬೈಯಾಕ ಹೊಂಟೀಯಲ್ಲೋ. ನಾಳೆ ವೈದ್ಯರ ಕಡೆ ಹೋಗು. ಏನು ಆಗತೈತಿ, ಏನು ಆಗಂಗಿಲ್ಲ, ಬಾಯಿಬಿಟ್ಟು ಹೇಳು." ಗುರುಗಳು ಮೇಲೆದ್ದರು. "ತಿಪ್ಪವ್ವನ್ನ ಯಾಕ ಎಬ್ಬಿಸಿದಿ?"

"ನಾ ಹೇಳಲಾರದ್ದನ್ನ ಆಕಿ ಹೇಳಿದಳ್ರಿ."

ಕರಿಬಸವ ನೀರಿನ ಕಡೆ ಬಾಗಿ ಗಂಟಿಗೆ ಕೈ ಹಾಕಿದ.

"ಇಲ್ಲಿ ಬಿಚ್ಚಬ್ಯಾಡ. ನಡಿ," ಎಂದರು ಗುರುಗಳು.

ತಿಪ್ಪವ್ವ ಗುಡಿಸಲ ಮುಂದೆ ಚಾಪೆ ಹೆಣೆಯುತ್ತಿದ್ದಳು. ಗುರುಗಳನ್ನು ಕಂಡು ಎದ್ದಳು. ಕರಿಬಸವನನ್ನು ಕಂಡು ಮತ್ತೆ ಕೂತಳು.

ಅವನು ಅವಳೆದುರು ಮಂಡಿಯೂರಿ ಗಂಟು ಬಿಚ್ಚಿದ. ಕಡಲೆ ಚಾಪೆಯ ಮೇಲೆ ಉರುಳಿತು.

"ಇದು ನನ್ನ ತಟ್ಟೀದು, ಅವ್ವಾ. ನನಗೂ ಆಗಂಗಿಲ್ಲ."

ಅವಳು ಕಾಳನ್ನು ನೋಡಿದಳು, ಅವನ ಮುಖ ನೋಡಿದಳು.

"ಹೊಟ್ಟಿನೋವಿಗೆ ನಾ ಎಂದೂ ಅತ್ತಾಕಿ ಅಲ್ರಿ. ಅವತ್ತು ಎದ್ದು ಬರೂವಾಗ ಎಲ್ಲಾರೂ ತಮ್ತಮ್ಮ ತಟ್ಟಿ ನೋಡಿಕೋತ ಕೂತಿದ್ರಲ್ಲ, ಅದಕ್ಕ ಅತ್ತೆ."

"ತಪ್ಪಾತು, ಅವ್ವಾ."

"ಇದನ್ನ ನನ್ನೊಬ್ಬಾಕಿ ಮುಂದ ಹೇಳಾಕತ್ತೀರಿ. ಎಬ್ಬಿಸಿದ್ದು ಪಂಕ್ತಿ ಮುಂದ."

ಕರಿಬಸವ ಗುರುಗಳ ಕಡೆ ತಿರುಗಿದ. ಅವರು ಆಗಲೇ ಆಶ್ರಮದ ದಾರಿ ಹಿಡಿದಿದ್ದರು.

ಮರುದಿನ ಪಂಕ್ತಿ ಕೂತು ಊಟ ಅರ್ಧಕ್ಕೆ ಬಂದಿತ್ತು. ತಿಪ್ಪವ್ವ ಬಾಗಿಲಲ್ಲಿ ನಿಂತಿದ್ದಳು; ಒಳಗೆ ಬಂದಿರಲಿಲ್ಲ. ಕರಿಬಸವನ ಕೈಯಲ್ಲಿ ಸೌಟಿತ್ತು.

"ನನಗ ಕಡ್ಲಿ ಆಗಂಗಿಲ್ಲ," ಎಂದ. "ದಿನಾ ಶಾಲಿನಾಗ ಕಟ್ಟಿ ಹೊಳಿಗೆ ಚೆಲ್ಲೇನಿ. ಭಜನಿ ನಡುವ ನಾ ಧ್ಯಾನಕ್ಕ ಹೋಗ್ತಿರಲಿಲ್ಲ, ಸಂಡಾಸಕ್ಕ ಹೋಗ್ತಿದ್ದೆ. ತಿಪ್ಪವ್ವ ಖರೆ ಹೇಳಿದ್ಲು. ಆಕೀನ ನಾ ಎಬ್ಬಿಸಿದೆ."

ಒಬ್ಬ ಕಿಸಕ್ಕೆಂದ. ಜೊತೆಗೆ ಯಾರೂ ನಗಲಿಲ್ಲ. ಅವನೂ ಸುಮ್ಮನಾದ.

ಕರಿಬಸವ ಬಾಗಿಲಿಗೆ ಹೋದ. "ಏನು ಬಡಿಸ್ಲಿ, ಅವ್ವಾ?"

ತಿಪ್ಪವ್ವ ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದಳು.

"ಅನ್ನ, ಬ್ಯಾಳಿ ತಿಳಿ," ಎಂದಳು. "ಒಂದ ಸೌಟು. ಕಡ್ಲಿ ಬ್ಯಾಡ."

ಒಳಗೆ ಬಂದು ತನ್ನ ಜಾಗದಲ್ಲೇ ಕೂತಳು. ಕರಿಬಸವ ಒಂದೇ ಸೌಟು ಬಡಿಸಿ, ಅವಳ ಪಕ್ಕದವನನ್ನೂ ಕೇಳಿದ. "ನಿಮಗ ಇನ್ನೇನು ಬಡಿಸ್ಲಿ?"

ಆ ಮನುಷ್ಯನ ಕೈ ಮೆಲ್ಲಗೆ ತನ್ನ ಶಾಲಿನ ತುದಿಯನ್ನು ಮುಚ್ಚಿತು. ಅವನಾಚೆ ಒಬ್ಬ ಮುದುಕಿ ಸೆರಗನ್ನು ಮಡಿಲೊಳಗೆ ಎಳೆದುಕೊಂಡಳು.

ಗುರುಗಳು ತಮ್ಮ ತಟ್ಟೆ ಬಿಟ್ಟು ಎದ್ದು ನಿಂತರು.

"ಇನ್ನೂ ಯಾರ್ಯಾರು ಗಂಟು ಕಟ್ಟಿಕೊಂಡು ಕೂತೀರಿ? ಬಿಚ್ಚರಿ."