ಡ್ರೋನಾದ ಜವಾನ

ಆ ಪ್ರೌಢಶಾಲೆಗೆ ಇದ್ದುದು ಒಂದೇ ಡ್ರೋನು. ಮಕ್ಕಳು ಅದನ್ನು ಹಾರಿಸಲು ಕಲಿಯಬೇಕಾದ ಮೊದಲ ದಿನವೇ ಆಡಳಿತ ಮಂಡಳಿಯ ಅಧ್ಯಕ್ಷ ರುದ್ರಗೌಡರು ಶಾಲೆಯ ಮೈದಾನಕ್ಕೆ ದಯಮಾಡಿಸಿ, "ಮೊದಲು ಹಾರಿಸುವವನು ನಾನು. ಟ್ರ್ಯಾಕ್ಟರ್ ಪಳಗಿಸಿದ ಕೈಗೆ ಇದ್ಯಾವ ಲೆಕ್ಕ?" ಎಂದು ರಿಮೋಟನ್ನು ಎತ್ತಿಕೊಂಡರು. ಡ್ರೋನು ಮುರಿದರೆ ವರ್ಷದ ಪಾಠವೇ ಮುರಿದಂತೆಂದು ಮೇಷ್ಟರು ಬೆವತರು.

ಜವಾನ ಕೊಟ್ರಪ್ಪನು ಕೈಮುಗಿದನು. "ಧಣೀ, ನಮ್ಮ ಮೇಷ್ಟರದು ಮೊದಲು ಮನುಷ್ಯನನ್ನು ನಡೆಸಿ, ಆಮೇಲೆ ಯಂತ್ರವನ್ನು ಹಾರಿಸುವ ಪದ್ಧತಿ. ಈಗ ನಾನೇ ಡ್ರೋನು. ತಾವು ಅಂದಂತೆ ನಡೆಯುವೆ."

ಗೌಡರು ನಗುತ್ತ, "ಮುಂದಕ್ಕೆ ಹೋಗು" ಎಂದರು. ಹೋದನು. "ತಿರುಗಿ ನನ್ನತ್ತ ಬಾ" ಎಂದರು. ಬಂದನು. ಗೌಡರ ಬಲಗಡೆ ಚಹಾದ ಮೇಜಿತ್ತು. ಅದನ್ನು ತಪ್ಪಿಸಲೆಂದು, "ಎಡಕ್ಕೆ ಸರಿ" ಎಂದರು. ಎದುರಾಗಿ ಬರುತ್ತಿದ್ದ ಕೊಟ್ರಪ್ಪನು ತನ್ನ ಎಡಕ್ಕೆ ಸರಿದನು. "ಎಡಕ್ಕೋ, ಎಡಕ್ಕೆ" ಎಂದಷ್ಟೂ ಅತ್ತಲೇ ಸರಿದು ಮೇಜಿಗೆ ಡಿಕ್ಕಿ ಹೊಡೆದನು. ಚಹಾವೆಲ್ಲ ಗೌಡರ ಬಿಳಿಯ ಪಂಚೆಯ ಮೇಲೆ.

"ಕತ್ತೆ, ಎಡ ಬಲ ತಿಳಿಯದೇನೋ?"

"ಎದುರು ಬರುವ ಡ್ರೋನಿನ ಎಡ ತಮಗೆ ಬಲವಾಗುತ್ತದೆ, ಧಣೀ. ನನಗೆ ರೆಕ್ಕೆಯಿಲ್ಲ, ಬರಿಯ ಚಹಾ ಚೆಲ್ಲಿತು. ಅದಕ್ಕೆ ಗಿರ್ರನೆ ಸುತ್ತುವ ರೆಕ್ಕೆ ನಾಲ್ಕಿವೆ."

ಗೌಡರು ಮೀಸೆಯನ್ನೊಮ್ಮೆ ಸವರಿ ನೋಡಿಕೊಂಡರು. ಬಳಿಕ ರಿಮೋಟನ್ನು ಮುಂದಿದ್ದ ಹುಡುಗಿಯ ಕೈಗಿತ್ತು, "ನೀವೇ ಹಾರಿಸಿ ಮಕ್ಕಳೇ. ನಾನು ಚಪ್ಪಾಳೆ ತಟ್ಟುತ್ತೇನೆ, ಕಿಟಕಿಯ ಒಳಗಿನಿಂದ" ಎಂದರು.