ಅಂಗಳದ ಗುಡ್ಡ

ಹಳ್ಳದ ದಂಡೆಯ ಆಶ್ರಮದಲ್ಲಿ ಕೇದಾರನೆಂಬ ಶಿಷ್ಯನಿದ್ದ. ಅಂಗಳದಲ್ಲಿ ಅವನು ಮಣ್ಣಿನಿಂದ ಒಂದು ಪುಟ್ಟ ಗುಡ್ಡ ಮಾಡಿದ್ದ. ಎದುರಿನ ಗುಡ್ಡ ಹೇಗಿತ್ತೋ ಹಾಗೆಯೇ. ಅದೇ ಇಳಿಜಾರು, ಅದೇ ಹಳ್ಳ, ಹಳ್ಳದ ಕೊನೆಯಲ್ಲಿ ತಗ್ಗಿನಹಟ್ಟಿ ಎಂಬ ಊರು.

ಇಳಿಜಾರಿನ ತುಂಬ ರಾಗಿ ಬೆಳೆಸಿ, ಮಳೆಯಂತೆ ನೀರು ಚಿಮುಕಿಸಿ, ಬೇಸಿಗೆಗೆ ಹಳ್ಳದಲ್ಲಿ ಎಷ್ಟು ನೀರು ಉಳಿಯುತ್ತದೆಂದು ಹೇಳುತ್ತಿದ್ದ. ಹೇಳಿದ್ದು ಸುಳ್ಳಾದದ್ದಿಲ್ಲ. ಅದರಿಂದ ಸ್ವಲ್ಪ ಜಂಬವೂ ಬಂದಿತ್ತು, ಪಾಪ.

ಒಂದು ವರ್ಷ ಎದುರಿನ ಗುಡ್ಡದ ರೈತರು ರಾಗಿ ಬಿಟ್ಟು ಹೀರೆ, ಬದನೆ, ಹಾಗಲ ಹಾಕಿದರು. ಯಾವುದಾದರೇನು, ಬೆಳೆ ಬೆಳೆಯೇ ಅಲ್ಲವೇ ಎಂದುಕೊಂಡ ಕೇದಾರ ಅಂಗಳದಲ್ಲಿ ರಾಗಿಯನ್ನೇ ಬಿತ್ತಿದ. ಸುಗ್ಗಿಯ ಹೊತ್ತಿಗೆ ಕೊಯ್ದ. ಅವನ ಹಳ್ಳ ಚೆನ್ನಾಗಿ ಹರಿಯಿತು.

“ನೀರು ಬರುತ್ತದೆ, ಧೈರ್ಯವಾಗಿ ತೋಟ ಮಾಡಿ” ಎಂದು ತಗ್ಗಿನಹಟ್ಟಿಗೆ ಹೇಳಿಕಳುಹಿಸಿದ.

ಶಿವರಾತ್ರಿ ಕಳೆಯುವಷ್ಟರಲ್ಲಿ ನಿಜವಾದ ಹಳ್ಳ ಬತ್ತಿತು.

ಹಟ್ಟಿಯ ಚೆನ್ನಾಜಮ್ಮ ಒಣಗಿದ ಸೋರೆಬಳ್ಳಿಯನ್ನು ತಂದು ಅಂಗಳದಲ್ಲಿಟ್ಟಳು.

“ನಿಮ್ಮ ಮಾತು ನಂಬ್ಕೊಂಡು ಹಾಕಿದ್ವಿ, ಸ್ವಾಮಿ. ಒಂದು ಬಳ್ಳೀನೂ ಉಳೀಲಿಲ್ಲ. ಕುಡಿಯೋಕೂ ನೀರಿಲ್ಲ. ಎಲ್ರೂ ಹಟ್ಟಿ ಬಿಟ್ಟು ಹೊರಟಿದೀವಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಕೇದಾರನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

“ಗುರುಗಳೇ, ಇಳಿಜಾರು ಸರಿಯಿತ್ತು, ಮಣ್ಣು ಸರಿಯಿತ್ತು. ಎಲ್ಲಿ ತಪ್ಪಿದೆ?”

ಗುರುಗಳು ಬುಟ್ಟಿ ಕೊಟ್ಟರು. “ಗುಡ್ಡಕ್ಕೆ ಹೋಗಿ ನಾಲ್ಕು ಹೀರೆಕಾಯಿ ಕೇಳಿಕೊಂಡು ಬಾ.”

ತಂದ.

“ಬಳ್ಳಿ ಕಿತ್ತುಹಾಕಿದ್ದಾರೋ?”

“ಇಲ್ಲ. ಕೊಯ್ದಷ್ಟೂ ಬಿಡುತ್ತಿದೆ. ಹೂವೂ ಇದೆ, ಮಿಡಿಯೂ ಇದೆ. ಹಳ್ಳಕ್ಕೆ ಮೇಲೆಯೇ ಒಡ್ಡು ಹಾಕಿ ತೋಟಕ್ಕೆ ಇನ್ನೂ ನೀರು ಕಟ್ಟುತ್ತಿದ್ದಾರೆ.”

“ನಿನ್ನ ಗುಡ್ಡದಲ್ಲಿ?”

ಕೇದಾರ ಅಂಗಳದತ್ತ ತಿರುಗಿ ನೋಡಿದ. ಅವನ ಗುಡ್ಡದಲ್ಲಿ ಕೊಯ್ಲು ಸುಗ್ಗಿಗೇ ಮುಗಿದಿತ್ತು. ಆಮೇಲೆ ಅಲ್ಲಿ ಯಾವ ಬೇರೂ ಹನಿ ನೀರು ಕುಡಿದಿರಲಿಲ್ಲ.

ರಾಗಿಯ ಕೂಳೆ ಕಿತ್ತೆಸೆದ. ಹೀರೆ ನೆಟ್ಟ, ಬದನೆ ನೆಟ್ಟ, ಹಾಗಲ ನೆಟ್ಟ. ಕಾಯಿ ಕೊಯ್ದ, ನೀರು ಕಟ್ಟಿದ, ಮತ್ತೆ ಕೊಯ್ದ. ಊಟ ನಿದ್ದೆ ಅವನಿಗೆ ನೆನಪಿರಲಿಲ್ಲ.

ಕಡೆಗೆ ಅಂಗಳದ ಹಳ್ಳವೂ ಬತ್ತಿತು, ನಿಜವಾದ ಹಳ್ಳ ಬತ್ತಿದ ಜಾಗದಲ್ಲೇ.

“ಈಗ ಸರಿಯಾಯಿತು, ಗುರುಗಳೇ” ಎಂದ. ಖುಷಿಯಾಗಬೇಕಿತ್ತು, ಅಳು ಬಂತು. “ಆದರೆ ಹಟ್ಟಿಯಲ್ಲಿ ಒಂದು ಒಲೆಯೂ ಉರಿಯುತ್ತಿಲ್ಲ. ಇನ್ನು ಯಾರಿಗೆ ಹೇಳಲಿ?”

ಗುರುಗಳು ಎದ್ದುಹೋಗಿ ಚೆನ್ನಾಜಮ್ಮ ಬಿಟ್ಟುಹೋಗಿದ್ದ ಸೋರೆಬಳ್ಳಿಯನ್ನು ತಂದು ಅವನ ಕೈಗಿಟ್ಟರು.

“ನಿನ್ನ ಮಾತು ನಂಬಿ ಒಣಗಿದ್ದು ಇದು. ಮೊದಲು ಇದಕ್ಕೆ ಹೇಳು.”