ಆಮೆಯ ಮುಂದೆ ಹೇಳದ ಸಾಲ

ಮಳೆ ಕಡಿಮೆ ಬೀಳುವ ಒಂದು ಕುರುಚಲು ಕಾಡಿನಲ್ಲಿ ಒಂದು ಮುಳ್ಳುಹಂದಿ ಇತ್ತು. ಹೆಸರು ದ್ಯಾಮಣ್ಣ. ವಯಸ್ಸಾಗಿತ್ತು. ಹೆಂಡತಿ ಸತ್ತು ಎರಡು ಬೇಸಿಗೆ ಕಳೆದಿದ್ದವು. ಮಾತು ಕಡಿಮೆ. ಮೈತುಂಬ ಮುಳ್ಳಿದ್ದವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ದೂರದಿಂದಲೇ ಚೆನ್ನಾಗಿದ್ದೀಯಾ ಎಂದು ಕೇಳಿ ಹೋಗುತ್ತಿದ್ದರು.

ಒಬ್ಬ ಮಾತ್ರ ಕೂರುತ್ತಿದ್ದ. ಅವನು ಸಣ್ಣೀರ ಎಂಬ ಮೊಲ. ದಿನಾ ಹೊತ್ತು ಇಳಿಯುವಾಗ ಬರುತ್ತಿದ್ದ. ಬಿಲದ ಬಾಯಲ್ಲಿ ದ್ಯಾಮಣ್ಣನಿಗೆ ತಾಗಿಯೇ ಕೂತು ಹರಟುತ್ತಿದ್ದ. ಯಾವ ನವಿಲಿನ ಗರಿ ಉದುರಿತು, ಯಾವ ಕೋತಿಗೆ ಹೆಂಡತಿ ಹೊಡೆದಳು, ಎಲ್ಲ ಹೇಳುತ್ತಿದ್ದ. ದ್ಯಾಮಣ್ಣ ಹೂಂಗುಟ್ಟುತ್ತಿದ್ದ. ಮೊಲ ಇರುವಷ್ಟು ಹೊತ್ತೂ ಮುಳ್ಳುಗಳನ್ನು ಬಿಗಿಯಾಗಿ ಮಡಿಸಿಕೊಂಡಿರುತ್ತಿದ್ದ. ಒಂದೂ ಚುಚ್ಚದ ಹಾಗೆ ನೋಡಿಕೊಳ್ಳುವುದು ಸುಲಭವಲ್ಲ. ಬೆನ್ನು ನೋಯುತ್ತಿತ್ತು. ಆದರೂ ದಿನವೆಲ್ಲ ಆ ಹೊತ್ತಿಗಾಗಿ ಕಾಯುತ್ತಿದ್ದ.

ಆ ಕಾಡಿನಲ್ಲಿ ಸಾಲಕ್ಕೊಂದು ಕಟ್ಟಳೆ ಇತ್ತು. ಕೆರೆಯ ದಂಡೆಯಲ್ಲಿ ಒಂದು ಮುದಿ ಆಮೆ ಇತ್ತು. ಸಾಲ ತಂದವನು, ಎಲ್ಲರೂ ನೀರಿಗೆ ಬರುವ ಹೊತ್ತಿನಲ್ಲಿ ಆ ಆಮೆಯ ಮುಂದೆ ನಿಲ್ಲಬೇಕು. ಇಂಥವರಿಂದ ಇಷ್ಟು ತಂದಿದ್ದೇನೆ, ಇಂಥ ದಿನ ಕೊಡುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕು. ಆಮೆ ತಲೆ ಆಡಿಸುತ್ತಿತ್ತು. ಅಷ್ಟೇ. ಆದರೆ ಅದು ಮರೆಯುತ್ತಿರಲಿಲ್ಲ. ಮಾತು ತಪ್ಪಿದವನು ನೀರಿಗೆ ಬಂದಾಗಲೆಲ್ಲ ಸುಮ್ಮನೆ ಅವನ ಮುಖ ನೋಡುತ್ತಿತ್ತು. ಆ ನೋಟ ತಡೆಯಲಾರದೆ ಎಲ್ಲರೂ ಸಾಲ ತೀರಿಸುತ್ತಿದ್ದರು.

ಒಂದು ವರ್ಷ ಬಿಸಿಲು ಜೋರಾಯಿತು. ಹತ್ತಿರದ ಹುಲ್ಲೆಲ್ಲ ಒಣಗಿತು. ಹಸಿರು ಬೇಕೆಂದರೆ ಗುಡ್ಡ ಹತ್ತಿ ಆಚೆಗೆ ಇಳಿಯಬೇಕಿತ್ತು. ಉಳಿದ ಮೊಲಗಳು ಹೋದವು. ಸಣ್ಣೀರನಿಗೆ ಅಷ್ಟು ನಡೆಯುವ ಮನಸ್ಸಿರಲಿಲ್ಲ.

ಒಂದು ಸಂಜೆ ಅವನು ಕುಂಟುತ್ತ ಬಂದ. ಹಿಂಗಾಲಿಗೆ ಜಾಲಿ ಮುಳ್ಳು ಹೊಕ್ಕಿದೆ, ಗುಡ್ಡ ಹತ್ತಲು ಆಗುವುದಿಲ್ಲ ಎಂದ. ದ್ಯಾಮಣ್ಣನ ಬಿಲದಲ್ಲಿ ಮಳೆಗಾಲದವರೆಗೆ ಆಗುವಷ್ಟು ಗೆಡ್ಡೆ ಇರುವುದು ಅವನಿಗೆ ಗೊತ್ತಿತ್ತು. ಅದರಲ್ಲಿ ಅರ್ಧವನ್ನು ಸಾಲವಾಗಿ ಕೊಡು ಎಂದು ಕೇಳಿದ. ಬರುವ ಹುಣ್ಣಿಮೆಯ ಹೊತ್ತಿಗೆ ಕಾಲು ವಾಸಿಯಾಗುತ್ತದೆ, ಗುಡ್ಡದಾಚೆಯ ಮೆತ್ತನೆ ನೆಲದಲ್ಲಿ ಅಗೆದು ಅಷ್ಟನ್ನೂ ತಂದುಕೊಡುತ್ತೇನೆ ಎಂದ.

"ಆಗಲಿ. ನಾಳೆ ಆಮೆ ಹತ್ರ ಹೇಳು," ಅಂದ ದ್ಯಾಮಣ್ಣ.

ಸಣ್ಣೀರನ ಕಿವಿ ಜೋತುಬಿದ್ದವು. "ನಮ್ಮಿಬ್ಬರ ಮಧ್ಯೆ ಆಮೆ ಯಾಕಣ್ಣ? ಎಲ್ಲರ ಮುಂದೆ ನನ್ನ ನಿಲ್ಲಿಸ್ತೀಯಾ? ಹಂಗಾದ್ರೆ ಬೇಡ ಬಿಡು. ಹಸ್ಕೊಂಡೇ ಇರ್ತೀನಿ."

ಎದ್ದು ನಿಂತ. ದ್ಯಾಮಣ್ಣ ಅವನು ಎದ್ದ ಜಾಗವನ್ನು ನೋಡಿದ. ಅರ್ಧ ಕೊಟ್ಟರೆ ತನಗೇ ಸಾಲದು. ಇಲ್ಲ ಎಂದರೆ ನಾಳೆಯಿಂದ ಇವನು ಬರುವುದಿಲ್ಲ. ಆಮೇಲೆ ಒಳಗೆ ಹೋಗಿ ಅರ್ಧ ಗೆಡ್ಡೆಯನ್ನು ಹೊರಗೆ ತಳ್ಳಿದ.

ಇದು ಯಾರಿಗೂ ಗೊತ್ತಾಗುವುದು ಬೇಡ ಎಂದು ಸಣ್ಣೀರ ಎರಡೆರಡು ಸಲ ಹೇಳಿದ. ಗೆಡ್ಡೆ ಹೊತ್ತು ಹೊರಟ. ದಾರಿ ತಿರುಗಿದ ಮೇಲೆ ಕುಂಟಲಿಲ್ಲ.

ಮರುದಿನ ಅವನು ತಿಪ್ಪವ್ವ ಎಂಬ ಅಳಿಲಿನ ಹುಣಸೆಮರಕ್ಕೆ ಹೋದ. ಅಲ್ಲಿ ಸೊಂಟ ಹಿಡಿದಿದೆ ಎಂದ. ಅವಳು ಕೂಡಿಟ್ಟ ಎಲಚಿ ಹಣ್ಣಿನಲ್ಲಿ ಅರ್ಧ ತಂದ. ಅದರ ಮರುದಿನ ಬಂಡೆಯ ಬಳಿ ಇರುವ ತನ್ನ ಚಿಕ್ಕಮ್ಮನ ಮನೆಗೆ ಹೋದ. ಅವಳು ಮರಿಗಳಿಗೆಂದು ಒಣಗಿಸಿಟ್ಟ ಗರಿಕೆ ತಂದ. ಅಕ್ಕನ ಮಗ ಕೇಳಿದ, ಇಲ್ಲ ಎನ್ನುವುದು ಹೇಗೆ ಎಂದು ಅವಳು ಕೊಟ್ಟಳು. ಇಬ್ಬರೂ ಆಮೆಯ ಮಾತೆತ್ತಿದರು. ಇಬ್ಬರಿಗೂ ಅದೇ ಉತ್ತರ ಸಿಕ್ಕಿತು. ಇಬ್ಬರೂ ಬಾಯಿ ಮುಚ್ಚಿಕೊಂಡರು.

ಸಣ್ಣೀರ ಲಂಟಾನ ಪೊದೆಯ ನೆರಳಲ್ಲಿ ಮಲಗಿಕೊಂಡ. ಬೆಳಿಗ್ಗೆ ಗೆಡ್ಡೆ, ಮಧ್ಯಾಹ್ನ ಹಣ್ಣು, ಸಂಜೆ ಗರಿಕೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಇಂಥ ಬೇಸಿಗೆಯೇ ಚೆಂದ ಎಂದುಕೊಂಡ.

ಮೊದಲ ಕೆಲವು ದಿನ ಬಿಲದ ಹತ್ತಿರ ಬಂದು ಕೂತ. ಮಾತು ಮೊದಲಿನ ಹಾಗೆ ಹರಿಯಲಿಲ್ಲ. ದ್ಯಾಮಣ್ಣ ಎಂದಿನಂತೆ ಹೂಂ ಅನ್ನುತ್ತಿದ್ದ. ಸಣ್ಣೀರನಿಗೆ ಆ ಹೂಂ ಗೆಡ್ಡೆ ಕೇಳಿದ ಹಾಗೆ ಕೇಳಿಸುತ್ತಿತ್ತು. ಬೇಗ ಎದ್ದು ಹೋಗತೊಡಗಿದ. ಆಮೇಲೆ ಎರಡು ದಿನಕ್ಕೊಮ್ಮೆ ಬಂದ. ಹುಣ್ಣಿಮೆ ಹತ್ತಿರವಾದಾಗ ಬರುವುದನ್ನೇ ಬಿಟ್ಟ.

ಹುಣ್ಣಿಮೆ ಬಂತು, ಹೋಯಿತು.

ಒಂದು ಸಂಜೆ ತಿಪ್ಪವ್ವ ಬಿಲದ ಹತ್ತಿರ ಬಂದಳು. ದೂರದಲ್ಲೇ ನಿಂತು ಸಣ್ಣೀರನನ್ನು ಕಂಡೆಯಾ ಎಂದು ಕೇಳಿದಳು. ದ್ಯಾಮಣ್ಣ ಇಲ್ಲ ಎಂದ. ಪಾಪ, ಕಾಲು ನೋವು ಅವನಿಗೆ, ಎಂದೂ ಸೇರಿಸಿದ.

"ಕಾಲಾ? ನನಗೆ ಸೊಂಟ ಅಂದಿದ್ದ," ಅಂದಳು ತಿಪ್ಪವ್ವ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನ್ನದೆಷ್ಟು?"

"ಅರ್ಧ. ನಿನ್ನದು?"

"ಅರ್ಧ."

ತಿಪ್ಪವ್ವ ಬಾಲ ಕುಣಿಸಿ ಬೈದಳು. ಅವನ ಮೀಸೆ ಸುಡ ಎಂದಳು. ಮಾರನೆಯ ದಿನ ಬಂಡೆಯ ಹತ್ತಿರ ಹೋಗಿ ಚಿಕ್ಕಮ್ಮನ ಗರಿಕೆಯ ಸುದ್ದಿಯನ್ನೂ ತಂದಳು. ಮೂವರೂ ಆಮೆಯ ಬಳಿಗೆ ಹೋದರು. ಆಮೆ ಎಲ್ಲವನ್ನೂ ಕೇಳಿಸಿಕೊಂಡಿತು.

"ನನ್ನ ಮುಂದೆ ಹೇಳಲಿಲ್ಲವಲ್ಲ," ಅಂದಿತು. ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ದ್ಯಾಮಣ್ಣನ ಗೆಡ್ಡೆ ಮುಗಿದವು. ಮುದಿ ಕಾಲೆಳೆದುಕೊಂಡು ಗುಡ್ಡದಾಚೆ ಹೋಗಿ ಬೇರು ಅಗೆದು ತಿನ್ನತೊಡಗಿದ. ಹೊಟ್ಟೆ ಹೇಗೋ ತುಂಬುತ್ತಿತ್ತು. ಸಂಜೆ ಮಾತ್ರ ಮುಗಿಯುತ್ತಿರಲಿಲ್ಲ. ಬಿಲದ ಬಾಯಲ್ಲಿ ಕೂರುತ್ತಿದ್ದ. ಒಣ ಎಲೆ ಸದ್ದಾದರೆ ತಿರುಗಿ ನೋಡುತ್ತಿದ್ದ. ಗಾಳಿ. ಮತ್ತೆ ಸದ್ದಾದರೆ ಓತಿಕ್ಯಾತ. ಒಂದು ದಿನ ತಾನೊಬ್ಬನೇ ಹೂಂ ಅಂದ. ಯಾರೂ ಏನೂ ಹೇಳಿರಲಿಲ್ಲ.

ಅವತ್ತು ಅವನು ಒಂದು ತೀರ್ಮಾನಕ್ಕೆ ಬಂದ. ಗೆಡ್ಡೆ ಹೋದರೆ ಹೋಗಲಿ. ಸುಳ್ಳು ಹೇಳಿದ್ದರೆ ಹೇಳಿರಲಿ. ಕೊಡಬೇಡ, ಬಂದು ಕೂತುಕೋ ಎಂದು ಸಣ್ಣೀರನಿಗೆ ಹೇಳಿಬಿಡಬೇಕು.

ಬಿಲದ ಮುಂದಿನ ದಾರಿಯಲ್ಲಿ ಮೂರು ದಿನ ಕಾದು ಕೂತ. ಸಣ್ಣೀರ ಸುಳಿಯಲಿಲ್ಲ. ಕಡೆಗೆ ತಿಪ್ಪವ್ವನ ಕೈಲಿ ಹೇಳಿ ಕಳಿಸಬೇಕಾಯಿತು. ಗೆಡ್ಡೆ ಬಿಟ್ಟುಬಿಟ್ಟೆ ಎಂದು ಅವಳ ಮುಂದೆ ಹೇಳಲು ನಾಚಿಕೆ. ಮೋಸ ಮಾಡಿದವನ ಹಿಂದೆ ಬಿದ್ದಿದ್ದಾನೆ ಮುದುಕ ಎಂದು ನಗುತ್ತಾಳೆ. ಅದಕ್ಕೆ ಅರ್ಧ ಮಾತು ಮಾತ್ರ ಹೇಳಿದ.

"ಸಣ್ಣೀರ ಸಿಕ್ಕರೆ, ನಾನು ಹುಡುಕ್ತಿದೀನಿ ಅಂತ ಹೇಳು."

ಮರುದಿನ ಸಂಜೆ ಸಣ್ಣೀರ ಪೊದೆಯಿಂದ ಹೊರಬಂದಾಗ ತಿಪ್ಪವ್ವ ಕೊಂಬೆಯ ಮೇಲಿಂದ ಅವನನ್ನು ಕಂಡಳು.

"ಲೋ, ದ್ಯಾಮಣ್ಣ ಹುಡುಕ್ತಿದಾನೆ ನಿನ್ನ. ದಾರೀಲೇ ಕೂತಿದಾನೆ. ನನ್ನ ಹಣ್ಣಿನ ಸಾಲಾನೂ ಹಂಗೇ ಇದೆ, ನೆನಪಿರಲಿ."

ನಾಳೆ ಬರುತ್ತೇನೆ ಎಂದು ಹೇಳು ಅಂದ ಸಣ್ಣೀರ. ತಿರುಗಿ ನೋಡಲಿಲ್ಲ.

ಅವನಿಗೆ ಬಾಯಾರಿತ್ತು. ಕೆರೆಗೆ ಇಳಿಯಲು ನಾಲ್ಕು ದಾರಿ ಇದ್ದವು. ಒಂದು ದ್ಯಾಮಣ್ಣನ ಬಿಲದ ಮುಂದೆ. ಒಂದು ಹುಣಸೆಮರದ ಕೆಳಗೆ. ಒಂದು ಚಿಕ್ಕಮ್ಮನ ಬಂಡೆಯ ಪಕ್ಕ. ಈ ಮೂರರಲ್ಲೂ ಮುಖ ಕೊಟ್ಟು ಉತ್ತರ ಹೇಳಬೇಕು. ಉಳಿದದ್ದು ಕೊರಕಲಿನ ದಾರಿ. ಅಲ್ಲಿ ನರಿ ಇತ್ತು. ಯಾರೂ ಆ ಕಡೆ ಹೋಗುತ್ತಿರಲಿಲ್ಲ. ನರಿ ಈ ಹೊತ್ತಿಗೆ ಬೇಟೆಗೆ ಹೋಗಿರುತ್ತದೆ ಎಂದು ಸಣ್ಣೀರ ಲೆಕ್ಕ ಹಾಕಿದ. ಅವನ ಲೆಕ್ಕಗಳು ಅಲ್ಲಿಯವರೆಗೆ ತಪ್ಪಿರಲಿಲ್ಲ.

ಕೊರಕಲಿಗೆ ಇಳಿದ.

ನರಿ ಬೇಟೆಗೆ ಹೋಗಿರಲಿಲ್ಲ. ನೆರಳಲ್ಲಿ ಸುಮ್ಮನೆ ಮಲಗಿತ್ತು. ಮೊಲ ತಾನಾಗಿ ಬಂದದ್ದು ನೋಡಿ ಅದಕ್ಕೇ ಆಶ್ಚರ್ಯವಾಯಿತು. ಎದ್ದಿತು. ಸಣ್ಣೀರ ಓಡಿದ. ಬೇಸಿಗೆಯೆಲ್ಲ ಮಲಗಿ ತಿಂದ ಮೈ ಭಾರವಾಗಿತ್ತು. ಕೊರಕಲಿನ ಆಚೆ ತುದಿ ಮುಟ್ಟಲಿಲ್ಲ.

ದ್ಯಾಮಣ್ಣ ಅಂದು ಕತ್ತಲಾಗುವವರೆಗೂ ದಾರಿಯಲ್ಲಿ ಕೂತಿದ್ದ.

ಬೆಳಿಗ್ಗೆ ತಿಪ್ಪವ್ವ ಸುದ್ದಿ ತಂದಳು. ಮಾಡಿದ್ದಕ್ಕೆ ತಕ್ಕ ಹಾಗೆ ಆಯಿತು ಎಂದಳು. ಎಂದ ಮೇಲೆ ಅವಳ ಕಣ್ಣೂ ತುಂಬಿತು. ದ್ಯಾಮಣ್ಣ ಬಿಲದೊಳಗೆ ಹೋದ. ಮೂರು ದಿನ ಹೊರಗೆ ಬರಲಿಲ್ಲ.

ಮಳೆ ಬಂತು. ನೆಲ ಮೆತ್ತಗಾಯಿತು. ಎಲ್ಲಿ ಅಗೆದರೂ ಗೆಡ್ಡೆ. ದ್ಯಾಮಣ್ಣನ ಬಿಲ ಮತ್ತೆ ತುಂಬಿತು. ಒಂದು ಸಂಜೆ ತಿಪ್ಪವ್ವ ಆ ಕಡೆ ಹಾದು ಹೋಗುವಾಗ ನಿಂತಳು. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಕೇಳಿದಳು. ಅವತ್ತು ಅವನು ಸಿಕ್ಕಿದ್ದರೆ ಏನು ಹೇಳುತ್ತಿದ್ದೆ ಎಂದಳು.

"ಗೆಡ್ಡೆ ಬೇಡ, ಬಂದು ಕೂತ್ಕೋ ಅಂತಿದ್ದೆ."

ತಿಪ್ಪವ್ವ ನಗಲಿಲ್ಲ.

"ಅದನ್ನ ಕೊಡುವಾಗಲೇ ಹೇಳಬೇಕಿತ್ತು ದ್ಯಾಮಣ್ಣ."

"ಹೌದು," ಅಂದ ದ್ಯಾಮಣ್ಣ.

ಮೋಡ ಕಟ್ಟುತ್ತಿತ್ತು. ಮಳೆ ಬರುವುದರೊಳಗೆ ಮರ ಸೇರಬೇಕೆಂದು ತಿಪ್ಪವ್ವ ಹೊರಟಳು.

ನೀತಿ: ಸ್ನೇಹಿತರಿಗೂ ನೆಂಟರಿಗೂ ಸಾಲವೆಂದು ಕೊಡುವುದಾದರೆ ನಾಲ್ಕು ಜನರ ಮುಂದೆ ಕೊಡಿ. ಬಿಟ್ಟುಕೊಡುವುದಾದರೆ, ಹೋದರೂ ತಾಳಿಕೊಳ್ಳಬಲ್ಲಷ್ಟನ್ನೇ ಕೊಟ್ಟು, ವಾಪಸು ಬೇಡ ಎಂದು ಕೊಡುವಾಗಲೇ ಬಾಯಿಬಿಟ್ಟು ಹೇಳಿ. ಎರಡೂ ಆಗದಿದ್ದರೆ ಇಲ್ಲ ಎನ್ನಿ.